ಮೊದಲ ಕಂತು ಯಾವುದು?

ಗ್ರಂಥಾಲಯದಲ್ಲಿ ತನ್ನ ಜಾಗ ತಪ್ಪಿದ ಪುಸ್ತಕ ಇದ್ದೂ ಇಲ್ಲದಂತೆ. ಕಂಪ್ಯೂಟರಿನಲ್ಲಿ ಕೂಡಿಟ್ಟ ಟಿ.ವಿ. ಧಾರಾವಾಹಿಗಳ ಪಾಡೂ ಹೀಗೆಯೇ. ಇವನ್ನು ಜೋಡಿಸಿಕೊಡಲೆಂದೇ ಕೋಡಿ, ಪ್ಲೆಕ್ಸ್, ಜೆಲ್ಲಿಫಿನ್‌ನಂತಹ ತಂತ್ರಾಂಶಗಳಿವೆ. ಆದರೆ ಇವು ದೃಶ್ಯ ನೋಡಿ ಧಾರಾವಾಹಿಯನ್ನು ಗುರುತಿಸುವುದಿಲ್ಲ. ಕಡತದ ಹೆಸರು ಹಾಗೂ ಅದರಲ್ಲಿನ ಕಂತಿನ ಸಂಖ್ಯೆಯನ್ನು ಓದಿ, ಅಂತರ್ಜಾಲದ ಸೂಚಿಗಳೊಡನೆ ಹೋಲಿಸುತ್ತವೆ. ಬಳಕೆದಾರರು ಯಂತ್ರದ ದೋಷವೆಂದು ಬಗೆಯುವ ಅನೇಕ ತೊಂದರೆಗಳು ಹುಟ್ಟುವುದು ಈ ಹೋಲಿಕೆಯಲ್ಲೇ.

ಪರದೆಯ ಮೇಲೆ ಕಾಣುವ ಹೆಸರು ಒಂದು, ತೆರೆದರೆ ಬರುವ ಕಥೆ ಇನ್ನೊಂದು ಎಂಬುದು ಪದೇ ಪದೇ ಕೇಳಿಬರುವ ದೂರು. ಅಮೆರಿಕದ 'ಫೈರ್‌ಫ್ಲೈ' ಇದಕ್ಕೆ ಒಳ್ಳೆಯ ಉದಾಹರಣೆ. ಪಾತ್ರಗಳನ್ನು ಪರಿಚಯಿಸಲೆಂದು ಮೊದಲು ತಯಾರಾದ 'ಸೆರೆನಿಟಿ' ಕಂತನ್ನು ಫಾಕ್ಸ್ ವಾಹಿನಿ ಬದಿಗಿಟ್ಟು, 2002ರ ಸೆಪ್ಟೆಂಬರ್ 20ರಂದು 'ದ ಟ್ರೇನ್ ಜಾಬ್' ಕಂತಿನಿಂದ ಪ್ರಸಾರ ಆರಂಭಿಸಿತು. 'ಸೆರೆನಿಟಿ' ತೆರೆ ಕಂಡದ್ದು ಡಿಸೆಂಬರ್ 20ರಂದು, ವಾಹಿನಿಯ ಕೊನೆಯ ಪ್ರಸಾರವಾಗಿ. 2003ರ ಡಿ.ವಿ.ಡಿ.ಯಲ್ಲಿ ಅದೇ ಮೊದಲ ಕಂತು! ಕಡತಗಳು ಡಿ.ವಿ.ಡಿ. ಕ್ರಮದಲ್ಲಿದ್ದು ಸೂಚಿ ಪ್ರಸಾರದ ಕ್ರಮದಲ್ಲಿದ್ದರೆ ಕಥೆ ಹಿಂದುಮುಂದಾಗದೆ ಇರದು. ತಂತ್ರಾಂಶದಲ್ಲಿ ಕಂತುಗಳ ಕ್ರಮವನ್ನು ಬದಲಿಸಿಕೊಳ್ಳುವುದೇ ಇದಕ್ಕೆ ಪರಿಹಾರ.

ಒಂದೇ ಹೆಸರಿನ ಎರಡು ಸರಣಿಗಳಿದ್ದರೆ ಏನು ಮಾಡಬೇಕು? ಬ್ರಿಟನ್ನಿನ 'ಡಾಕ್ಟರ್ ಹೂ' 1963ರಲ್ಲಿ ಆರಂಭವಾಗಿ 1989ರಲ್ಲಿ ನಿಂತಿತು. 2005ರಲ್ಲಿ ಮರಳಿದಾಗ ಭಾಗಗಳ ಎಣಿಕೆ ಮತ್ತೆ ಒಂದರಿಂದ ಶುರುವಾಯಿತು. ಫೋಲ್ಡರಿನ ಹೆಸರಿಗೆ ಆರಂಭದ ವರ್ಷವನ್ನು ಸೇರಿಸಿದರೆ ಈ ಗೊಂದಲ ನೀಗುತ್ತದೆ. ವಿಶೇಷ ಕಂತುಗಳಿಗೆ ಸಾಮಾನ್ಯವಾಗಿ 'ಸೊನ್ನೆ' ಭಾಗದಲ್ಲಿ ಸ್ಥಾನ.

ಇದೇ ಸರಣಿಯ 1960ರ ದಶಕದ ಪಟ್ಟಿಯಲ್ಲಿ ಅಲ್ಲಲ್ಲಿ ಖಾಲಿ ಜಾಗಗಳು ಕಾಣುತ್ತವೆ. ಕೆಟ್ಟಿರುವುದು ತಂತ್ರಾಂಶವಲ್ಲ, ಕಳೆದುಹೋಗಿರುವುದು ಇತಿಹಾಸ. ಮರುಪ್ರಸಾರಕ್ಕೆ ಬೇಡವಾದ ಟೇಪುಗಳನ್ನು ಬಿ.ಬಿ.ಸಿ. ಅಳಿಸಿ ಬೇರೆ ಕಾರ್ಯಕ್ರಮಗಳಿಗೆ ಬಳಸಿತು. ಮನೆಮನೆಗಳಲ್ಲಿ ಅಭಿಮಾನಿಗಳು ಧ್ವನಿಮುದ್ರಿಸಿಕೊಂಡಿದ್ದರಿಂದ ಕಳೆದ ಕಂತುಗಳ ಧ್ವನಿಯಾದರೂ ಉಳಿಯಿತು. ವಿದೇಶಗಳಿಗೆ ಕಳಿಸಿದ್ದ ಫಿಲ್ಮ್ ಪ್ರತಿಗಳಿಂದ ಕೆಲವು ಕಂತುಗಳು ಮರಳಿ ದೊರೆತವು. ನೈಜೀರಿಯಾದಲ್ಲಿ ಸಿಕ್ಕ ಒಂಬತ್ತು ಕಂತುಗಳ ಸುದ್ದಿ 2013ರಲ್ಲಿ ಹೊರಬಿತ್ತು.

ನಮ್ಮ ಆಗುಂಬೆಯಲ್ಲಿ ಶಂಕರ್‌ನಾಗ್ ಚಿತ್ರಿಸಿದ, 1980ರ ದಶಕದಲ್ಲಿ ದೂರದರ್ಶನದಲ್ಲಿ ಬಂದ 'ಮಾಲ್ಗುಡಿ ಡೇಸ್' ಸರಣಿಯನ್ನು ಜೋಡಿಸುವವರಿಗೂ ಇಂಥ ಪ್ರಶ್ನೆಗಳು ಎದುರಾಗುತ್ತವೆ. ಅದರಲ್ಲಿ ಒಂದೇ ಕಂತಿಗೆ ಮುಗಿಯುವ ಕಥೆಗಳಿವೆ; 'ಸ್ವಾಮಿ ಅಂಡ್ ಫ್ರೆಂಡ್ಸ್' ಹಲವು ಕಂತುಗಳಿಗೆ ಹರಡಿದೆ. ಹಿಂದಿ, ಇಂಗ್ಲಿಷ್ ಎರಡೂ ಭಾಷೆಗಳ ರೂಪಗಳೂ ಉಂಟು. ಹಾಗಾಗಿ ಬರೀ ಸಂಖ್ಯೆ ನಮೂದಿಸಿದರೆ ಸಾಲದು. ಕಥೆಯ ಹೆಸರು ಮತ್ತು ಭಾಷೆ, ತಿಳಿದಿದ್ದರೆ ಪ್ರಸಾರದ ದಿನಾಂಕ ಕಡತದ ಹೆಸರಿನಲ್ಲೇ ಇರುವುದು ಒಳ್ಳೆಯದು. ತಂತ್ರಾಂಶಗಳು ಬದಲಾಗುತ್ತವೆ, ಸೂಚಿಗಳೂ ಬದಲಾಗುತ್ತವೆ. ಸರಿಯಾಗಿ ಬರೆದಿಟ್ಟ ಹೆಸರು ಮಾತ್ರ ಮುಂದೊಂದು ದಿನ ಹುಡುಕಿಕೊಂಡು ಬರುವವರಿಗೆ ದಾರಿ ತೋರಿಸುತ್ತದೆ.