ಒಂದೇ ಗಲ್ಲೆ, ಇಬ್ಬರು ಗೆಳೆಯರು

ಹೋದ ದೀಪಾವಳಿ ರಜೆಯಲ್ಲಿ ನಮ್ಮ ಸೊಲ್ಲಾಪುರದ ಮನೆಯ ಮಾಳಿಗೆಯಿಂದ ದೊಡ್ಡ ಗದ್ದಲ ಕೇಳತೊಡಗಿತು. ಮೊಮ್ಮಗನೂ ಅವನ ಬಾಲವಾಡಿಯ ಗೆಳೆಯನೂ ಒಂದು ಗಿಟಾರು, ಎರಡು ಖಾಲಿ ಎಣ್ಣೆ ಡಬ್ಬಿ ಇಟ್ಟುಕೊಂಡು 'ಪಂಕ್' ತಂಡ ಕಟ್ಟಿದ್ದರು. ಮಧ್ಯಾಹ್ನದ ನಿದ್ದೆ ಕೆಟ್ಟ ಸಿಟ್ಟಿನಲ್ಲಿ ನಾವು ಮೇಲೆ ಹತ್ತಿ, "ಇದರಿಂದ ನಾಲ್ಕು ಕಾಸು ಹುಟ್ಟೀತೇ?" ಎಂದು ಗದರಿಸಿದೆವು. ಮೊಮ್ಮಗ ಎದುರಾಡಲಿಲ್ಲ. ಸಂಜೆ ಪಕ್ಕದಲ್ಲಿ ಕುಳಿತು ಇಬ್ಬರು ಅಮೇರಿಕದ ಹುಡುಗರ ಕಥೆ ಹೇಳಿದ. ವ್ಯಾಪಾರಿಗಳಾದ ನಮಗೆ ಅದು ಹಿಡಿಸಿತು. ವಾಚಕ ಬಂಧುಗಳಿಗೂ ಹಿಡಿಸೀತೆಂದು ಬರೆಯುತ್ತಿದ್ದೇವೆ.

ಪಂಕ್ ಎಂಬುದು 1970ರ ದಶಕದ ನಡುವೆ ನ್ಯೂಯಾರ್ಕ್, ಲಂಡನ್ ಕಡೆ ಬೆಳೆದ ಸಂಗೀತ. ಹಾಡು ಬಿರುಸು, ಗಿಡ್ಡ. ಸ್ವಲ್ಪ ಕಲಿತವರೂ ಬಾರಿಸಬಹುದು. ವಾಷಿಂಗ್ಟನ್ ನಗರದ ಇಯಾನ್ ಮಕಾಯ್, ಜೆಫ್ ನೆಲ್ಸನ್ ಒಂದೇ ಶಾಲೆಯ ಗೆಳೆಯರು. 1979ರಲ್ಲಿ ಇನ್ನಿಬ್ಬರನ್ನು ಕೂಡಿಸಿಕೊಂಡು 'ಟೀನ್ ಐಡಲ್ಸ್' ತಂಡ ಕಟ್ಟಿದರು. ಇಯಾನ್ ಬೇಸ್ ಗಿಟಾರು, ಜೆಫ್ ಡ್ರಮ್ಮು.

ಹಾಡಿದ್ದಕ್ಕೆ ಬಂದ ಹಣವನ್ನು ಯಾರೂ ಜೇಬಿಗಿಳಿಸಲಿಲ್ಲ. ಎಲ್ಲವೂ ಒಂದೇ ಗಲ್ಲೆಗೆ. 1980ರ ಕೊನೆಗೆ ತಂಡ ಒಡೆದಾಗ ಸುಮಾರು 600 ಡಾಲರ್ ಕೂಡಿತ್ತು. ನಾಲ್ವರೂ ಹಂಚಿಕೊಂಡು ಮನೆಗೆ ಹೋಗಬಹುದಿತ್ತು. ಹಾಗೆ ಮಾಡದೆ, ಆ ಹಣದಲ್ಲೇ ತಮ್ಮ 8 ಹಾಡುಗಳ ಗ್ರಾಮಫೋನ್ ತಟ್ಟೆಯನ್ನು 1,000 ಪ್ರತಿ ತೆಗೆಸಿದರು. ಹೀಗೆ 'ಡಿಸ್ಕಾರ್ಡ್' ಸಂಸ್ಥೆ ಹುಟ್ಟಿತು. ತಟ್ಟೆಯ ಕವರುಗಳನ್ನು ಗೆಳೆಯರೊಡನೆ ಕುಳಿತು ಕೈಯಿಂದಲೇ ಕತ್ತರಿಸಿ, ಮಡಿಚಿ, ಗೋಂದು ಹಚ್ಚಿದರು. ಪತ್ರವ್ಯವಹಾರದ ವಿಳಾಸ ಇಯಾನರ ತಂದೆ-ತಾಯಿಯ ಮನೆಯದೇ! ಮಾರಿ ಬಂದ ಹಣ ಉಳಿದ ಗೆಳೆಯರ ತಂಡಗಳ ತಟ್ಟೆಗಳಿಗೆ ಬಂಡವಾಳವಾಯಿತು. ಕರಾರು ಪತ್ರವಿಲ್ಲ, ಖರ್ಚು ಕಳೆದು ಉಳಿದ ಲಾಭದಲ್ಲಿ ಹಾಡಿದವರಿಗೆ ಪಾಲು.

ಇದೇ ಇಬ್ಬರು ಮುಂದೆ 'ಮೈನರ್ ಥ್ರೆಟ್' ತಂಡ ಕಟ್ಟಿದರು. ತಾಲೀಮು ಆರ್ಲಿಂಗ್ಟನ್‌ನ ಬಾಡಿಗೆ ಮನೆಯ ನೆಲಮಾಳಿಗೆಯಲ್ಲಿ. 1981ರ ಅವರ 'ಸ್ಟ್ರೇಟ್ ಎಡ್ಜ್' ಹಾಡು ಒಂದು ನಿಮಿಷವೂ ಇಲ್ಲ. ಅಮಲು ಪದಾರ್ಥ ತನಗೆ ಬೇಡವೆಂಬುದೇ ಅದರ ತಾತ್ಪರ್ಯ. ಆ ಹೆಸರಿನಲ್ಲೇ ಎಷ್ಟೋ ದೇಶಗಳ ತರುಣರು ಕುಡಿತ, ಧೂಮಪಾನ ಬಿಟ್ಟರು. ಸಪ್ತವ್ಯಸನ ತ್ಯಾಗದ ಮಾತು ಕೇಳಿ ಬೆಳೆದ ನಮಗೆ, ಅಂಥ ಗದ್ದಲದೊಳಗಿಂದಲೂ ಈ ಮಾತು ಬಂದೀತೆಂಬ ಎಣಿಕೆ ಇರಲಿಲ್ಲ.

1983ರಲ್ಲಿ ಆ ತಂಡವೂ ಒಡೆಯಿತು. ಅಂಗಡಿ ಮಾತ್ರ ಒಡೆಯಲಿಲ್ಲ. ಡಿಸ್ಕಾರ್ಡ್ ಇಂದಿಗೂ ನಡೆದಿದೆ.

ಇಲ್ಲಿ ನಮ್ಮ ಎದೆ ಚುರುಕ್ಕೆಂದಿತು. 1985ರಲ್ಲಿ ನಾವೂ ಬಾಲ್ಯದ ಗೆಳೆಯರೊಬ್ಬರೊಡನೆ ಅರಿವೆ ಅಂಗಡಿ ಹಾಕಿದ್ದೆವು. ಗಲ್ಲೆಯಿಂದ ನಾವಿಷ್ಟು, ಅವರಿಷ್ಟು, ಕೀರ್ದಿಯಲ್ಲಿ ಬರೆಯದೆ ತೆಗೆದೆವು. ಮೂರನೆಯ ವರ್ಷಕ್ಕೆ ಅಂಗಡಿಯೂ ಹೋಯಿತು, ಮಾತೂ ನಿಂತಿತು. ಪ್ರತಿವರ್ಷ ಕ್ಷಮಾವಣಿಯ ದಿನ ದೂರದಿಂದ ಕೈ ಮುಗಿದದ್ದುಂಟು, ಅಷ್ಟೇ.

ಮರುದಿನ ಹುಡುಗರಿಗೆ ಹೊಸ ಕೀರ್ದಿ ವಹಿಯೊಂದನ್ನು ಕೊಟ್ಟೆವು. "ನಾಲ್ಕರಿಂದ ಆರರವರೆಗೆ ಬಾರಿಸಿರಿ. ಬಂದದ್ದು, ಹೋದದ್ದು ಇಬ್ಬರೂ ಕೂಡಿ ಬರೆಯಿರಿ" ಎಂದೆವು. ಆಮೇಲೆ ಟೊಪ್ಪಿಗೆ ಹಾಕಿಕೊಂಡು ಆ ಹಳೆಯ ಗೆಳೆಯರ ಮನೆಗೆ ಹೋದೆವು. ಚಹಾ ಬಂತು. ಹಳೆಯ ಲೆಕ್ಕವನ್ನು ಇಬ್ಬರೂ ತೆಗೆಯಲಿಲ್ಲ. ಏಳುವಾಗ, "ಮತ್ತೆ ಯಾವಾಗ ಬರುತ್ತೀರಿ?" ಎಂದು ಅವರೇ ಕೇಳಿದರು.