ಮನೆ ಕೊಳ್ಳುವವರೂ ಕಾಣದ ಅಸ್ತಿಭಾರವೂ

ಮನೆ ಕೊಳ್ಳಹೊರಟವನು ಕಣ್ಣಿಗೆ ಕಾಣುವುದೆಲ್ಲವನ್ನೂ ಪರೀಕ್ಷಿಸುತ್ತಾನೆ. ಬಾಗಿಲನ್ನು ತಟ್ಟಿ ನೋಡುತ್ತಾನೆ, ನೆಲದ ಹೊಳಪನ್ನು ಮೆಚ್ಚುತ್ತಾನೆ. ಆದರೆ ಇವೆಲ್ಲವನ್ನೂ ಹೊತ್ತು ನಿಂತಿರುವ ಅಸ್ತಿಭಾರದ ವಿಷಯವಾಗಿ ಒಂದು ಮಾತನ್ನೂ ಕೇಳುವುದಿಲ್ಲ. ಜೀವಮಾನದ ಉಳಿತಾಯವನ್ನು ಸುರಿದು, ಸಾಲದುದಕ್ಕೆ ಸಾಲವನ್ನೂ ಮಾಡಿ ಕೊಂಡ ಮನೆಯ ಗೋಡೆ ಎರಡನೆಯ ಮಳೆಗಾಲಕ್ಕೆ ಬಾಯಿಬಿಟ್ಟ ಮೇಲೆ ಕೇಳಿ ಪ್ರಯೋಜನವೇನು?

ಚಳ್ಳಕೆರೆ, ಮೊಳಕಾಲ್ಮೂರು ಸೀಮೆಗಳಲ್ಲಿ ಈ ವಿಚಾರವು ವಿಶೇಷ ಗಮನಕ್ಕೆ ಅರ್ಹವಾದುದು. ಇಲ್ಲಿಯ ನೆಲ ಒಂದೇ ತೆರನಲ್ಲ. ಮೊಳಕಾಲ್ಮೂರು ತಾಲ್ಲೂಕಿನ ಬ್ರಹ್ಮಗಿರಿ, ಸಿದ್ದಾಪುರ, ಜಟಿಂಗ ರಾಮೇಶ್ವರಗಳ ಬಂಡೆಗಳ ಮೇಲೆ ಅಶೋಕನ ಶಾಸನಗಳು ಇಪ್ಪತ್ತೆರಡು ಶತಮಾನಗಳಿಂದ ನಿಂತಿವೆ. ಅಂತಹ ಬಂಡೆಯ ಮೇಲೆ ಅಥವಾ ಗಟ್ಟಿ ಗರಸಿನ ಮೇಲೆ ಕಟ್ಟಿದ ಮನೆಗೆ ಭಯ ಕಡಮೆ. ಎರೆಭೂಮಿಯ ಸ್ವಭಾವವೇ ಬೇರೆ. ಅದು ನೀರು ಕುಡಿದರೆ ಉಬ್ಬುತ್ತದೆ, ಒಣಗಿದರೆ ಕುಗ್ಗಿ ಬಿರಿಯುತ್ತದೆ. ಇದನ್ನು ಅರಿಯದ ರೈತನಿಲ್ಲ. ಆದರೆ ಹೊಲವು ನಿವೇಶನವಾದೊಡನೆ ಎರೆಯು ತನ್ನ ಗುಣವನ್ನು ಬಿಟ್ಟಿತೆಂದು ಪಟ್ಟಣಿಗರು ಭಾವಿಸುವಂತಿದೆ.

ಇದು ಮಳೆ ಕಡಮೆಯ ಸೀಮೆಯೆಂಬ ಧೈರ್ಯವೂ ಸಲ್ಲದು. ವೇದಾವತಿಗೆ ಕಟ್ಟಿದ ವಾಣಿವಿಲಾಸ ಸಾಗರವು 1933ರ ತರುವಾಯ 2022ರಲ್ಲಿ ಮತ್ತೆ ಕೋಡಿ ಹರಿಯಿತು. ಬಹುಕಾಲ ಒಣಗಿದ ಎರೆಯು ಒಮ್ಮೆಗೇ ನೆನೆದಾಗಲೇ ಹೆಚ್ಚಾಗಿ ಉಬ್ಬುವುದು.

ಈಗ ಕಾಂಕ್ರೀಟ್ ಹಾಸಿನ ಅಸ್ತಿಭಾರದ ಮಾತು ಅಲ್ಲಲ್ಲಿ ಕೇಳಿಬರುತ್ತಿದೆ. ಇಂಜಿನಿಯರರು ರಾಫ್ಟ್ ಎನ್ನುವ ಈ ಹಾಸು ಮನೆಯ ಭಾರವನ್ನೆಲ್ಲ ಅಗಲಕ್ಕೆ ಹಂಚುತ್ತದೆ. ಆದರೆ ಕಬ್ಬಿಣ ಕಟ್ಟಿ, ಲೆಕ್ಕ ಹಾಕಿ ಎರೆದ ಹಾಸು ಬೇರೆ. ಮಣ್ಣು ತುಂಬಿ ಮೇಲೆ ಹರಡಿದ ತೆಳು ಕಾಂಕ್ರೀಟ್ ನೆಲ ಬೇರೆ. ಎರಡನೆಯದನ್ನು ಮೊದಲನೆಯದೆಂದು ಮಾರುವವರ ವಿಷಯದಲ್ಲಿ ಎಚ್ಚರವಿರಬೇಕು. ಎರೆಯ ಮೇಲೆ ಮಳೆನೀರು ಮೊದಲು ಹಾಸಿನ ಅಂಚನ್ನು ನೆನೆಸಿ ಎತ್ತುತ್ತದೆ. ಬೇಸಗೆಯಲ್ಲಿ ಅಂಚು ಒಣಗಿ ಕುಸಿಯುತ್ತದೆ, ನಡುವಣ ತೇವ ಮಾತ್ರ ಆರುವುದಿಲ್ಲ. ಈ ಎಳೆದಾಟಕ್ಕೆ ತೊಲೆಗಳಿಂದ ಬಿಗಿದ ಹಾಸು ತಡೆಯಬಲ್ಲದು, ತೆಳು ನೆಲ ತಡೆಯಲಾರದು. ಇಲ್ಲವಾದರೆ ಎರೆಯನ್ನು ತಕ್ಕಷ್ಟು ಆಳ ತೆಗೆದು, ಗರಸನ್ನು ಪದರಪದರವಾಗಿ ದಮ್ಮಸು ಮಾಡಿ ತುಂಬಿರಬೇಕು.

ಸಾಮಗ್ರಿಯ ವಿಚಾರವೂ ಅಲ್ಪವಲ್ಲ. ಭಾರತೀಯ ಮಾನಕ 456ರ 2000ನೆಯ ಇಸವಿಯ ಆವೃತ್ತಿಯ ಮೇರೆಗೆ, ಕಬ್ಬಿಣವುಳ್ಳ ಕಾಂಕ್ರೀಟಿಗೆ ಕಲಸುವ ನೀರಿನಲ್ಲಿ ಕ್ಲೋರೈಡು ಲೀಟರಿಗೆ 500 ಮಿಲಿಗ್ರಾಮನ್ನು ಮೀರಕೂಡದು. ಒಣ ಬಿಸಿಲಿನ ಹವೆಯಲ್ಲಿ 10 ದಿನಗಳಿಗೆ ಕಡಮೆಯಿಲ್ಲದೆ ನೀರುಣಿಸಬೇಕು. ಸವುಳು ನೀರಿನಲ್ಲಿ ಕಲಸಿ ಮೂರು ದಿನಕ್ಕೇ ನೀರು ನಿಲ್ಲಿಸಿದ ಕೆಲಸವನ್ನು ಬಣ್ಣವು ಮರೆಮಾಡೀತು, ಕಾಲವು ಮರೆಮಾಡದು.

ಆದುದರಿಂದ ಕೊಳ್ಳುವವರು ಮನೆಯನ್ನು ಸಾಧ್ಯವಾದರೆ ಎರಡು ಬಾರಿ ನೋಡತಕ್ಕದ್ದು: ಒಮ್ಮೆ ವೈಶಾಖದ ಬಿಸಿಲಿನಲ್ಲಿ, ಒಮ್ಮೆ ಮಳೆ ಹೊಯ್ದ ಮೇಲೆ. ಕಿಟಕಿಯ ಮೂಲೆಯಿಂದ ಓರೆಯಾಗಿ ಏರಿದ ಬಿರುಕು, ಚೌಕಟ್ಟಿಗೆ ಸಿಕ್ಕಿಕೊಳ್ಳುವ ಬಾಗಿಲು, ಗೋಡೆಯ ಒಂದೇ ಕಡೆ ಕಾಣುವ ಹೊಸ ತೇಪೆ ಇವುಗಳನ್ನು ಕಡೆಗಣಿಸಕೂಡದು. ಬಚ್ಚಲ ನೀರು ಗೋಡೆಯ ಬುಡದಲ್ಲಿ ಇಂಗುತ್ತಿದೆಯೇ, ನೀರಿನ ತೊಟ್ಟಿ ಸೋರುತ್ತಿದೆಯೇ ಎಂಬುದನ್ನು ನೋಡಬೇಕು. ಮಾರುವವರಿಂದ ಪಾಯದ ನಕ್ಷೆಯನ್ನು ಕೇಳಬೇಕು. ಸಂಶಯವಿದ್ದಲ್ಲಿ ಮಣ್ಣನ್ನು ಪ್ರಯೋಗಶಾಲೆಗೆ ಕಳುಹಿಸಬೇಕು. ಅಲ್ಲಿ ಒಂದೇ ತೂಕದ ಪುಡಿಮಣ್ಣನ್ನು ನೀರಿನಲ್ಲಿಯೂ ಸೀಮೆಎಣ್ಣೆಯಲ್ಲಿಯೂ ಒಂದು ದಿನ ಇಟ್ಟು ಉಬ್ಬರವನ್ನು ಅಳೆಯುತ್ತಾರೆ. ಎರೆಯು ಎಣ್ಣೆಯಲ್ಲಿ ಉಬ್ಬದು, ನೀರಿನಲ್ಲಿ ಉಬ್ಬುತ್ತದೆ.

ಇದಕ್ಕೆ ತಗಲುವ ವೆಚ್ಚವು ಮನೆಯ ಬೆಲೆಯಲ್ಲಿ ಅತ್ಯಲ್ಪ. ಕ್ರಯಪತ್ರವನ್ನು ವಕೀಲರಿಗೆ ತೋರಿಸದೆ ರುಜು ಹಾಕದ ವಿವೇಕಿಗಳು, ಆ ಪತ್ರದಲ್ಲಿ ಬರೆಯದೆ ಉಳಿದ ನೆಲದ ಗುಣವನ್ನೂ ಬಲ್ಲವರಿಗೆ ತೋರಿಸಿ ಮುಂದುವರಿಯುವುದು ಲೇಸು.