ಪ್ರೇಕ್ಷಕನೇ ಪಾತ್ರಧಾರಿಯಾದಾಗ

ಊಟಕ್ಕೆಂದು ನೀವೊಂದು ಹೋಟೆಲಿಗೆ ಹೋಗಿದ್ದೀರಿ ಎಂದು ಭಾವಿಸೋಣ. ಬಾಗಿಲಲ್ಲಿಯೇ ಮಾಲೀಕನು ಎದುರಾಗಿ, ನೀವು ಬಂದದ್ದೇ ಮಹಾಪರಾಧವೆಂಬಂತೆ ನಿಮ್ಮನ್ನು ಅಡಿಯಿಂದ ಮುಡಿಯವರೆಗೆ ದಿಟ್ಟಿಸುತ್ತಾನೆ. ಒಳಗಿನಿಂದ ಅವನ ಹೆಂಡತಿಯ ಗದರಿಕೆ ಕೇಳಿಬರುತ್ತದೆ. ಅರೆಬರೆ ಇಂಗ್ಲಿಷ್ ಬಲ್ಲ ಮಾಣಿಯೊಬ್ಬನು ನೀವು ಕೇಳಿದ್ದನ್ನು ಬಿಟ್ಟು ಉಳಿದುದೆಲ್ಲವನ್ನೂ ತಂದಿಡುತ್ತಾನೆ. ನಿಮಗೆ ಸಿಟ್ಟು ಬರಬೇಕು. ಆದರೆ ಬರುವುದು ನಗೆ. ಏಕೆಂದರೆ ನೀವು ಹಣ ಕೊಟ್ಟು ಟಿಕೆಟ್ ಪಡೆದದ್ದು ಈ ಅವಮಾನಕ್ಕಾಗಿಯೇ!

ಇದು ಕಲ್ಪನೆಯ ಮಾತಲ್ಲ. ಬ್ರಿಟನ್ನಿನ ಬಿ.ಬಿ.ಸಿ. ದೂರದರ್ಶನದಲ್ಲಿ 1975 ಮತ್ತು 1979ರಲ್ಲಿ ಪ್ರಸಾರವಾದ ‘ಫಾಲ್ಟಿ ಟವರ್ಸ್’ ಎಂಬ ಹಾಸ್ಯಮಾಲಿಕೆಯ ಕಂತುಗಳು ಒಟ್ಟು ಹನ್ನೆರಡೇ. ಆ ಮುಂಗೋಪಿ ಹೋಟೆಲು ಮಾಲೀಕನನ್ನೂ, ಅವನ ಪತ್ನಿಯನ್ನೂ, ಮಾಣಿಯನ್ನೂ ಆಧರಿಸಿ 1997ರಲ್ಲಿ ಆಸ್ಟ್ರೇಲಿಯದ ಬ್ರಿಸ್ಬೇನ್ ನಗರದಲ್ಲಿ ಒಂದು ಭೋಜನ-ನಾಟಕ ಹುಟ್ಟಿಕೊಂಡಿತು. ಮೂವರು ನಟರು, ಮೂರು ಸುತ್ತಿನ ಊಟ, ಸುಮಾರು ಎರಡು ತಾಸಿನ ಆಟ. ಅಲ್ಲಿ ರಂಗವೇದಿಕೆಯೂ ಇಲ್ಲ, ಪರದೆಯೂ ಇಲ್ಲ; ಊಟದ ಮೇಜುಗಳ ನಡುವಣ ಹಾದಿಯೇ ರಂಗ. ಪ್ರೇಕ್ಷಕರೇ ಗಿರಾಕಿಗಳ ಪಾತ್ರಧಾರಿಗಳು. ಈ ಆಟ 2008ರಲ್ಲಿ ಸ್ಕಾಟ್ಲೆಂಡಿನ ರಾಜಧಾನಿಯಾದ ಎಡಿನ್‌ಬರೋ ನಗರದ ‘ಫ್ರಿಂಜ್’ ಉತ್ಸವವನ್ನು ಸೇರಿತು.

ಈ ಫ್ರಿಂಜ್ ಎಂದರೇನು? ಪ್ರೇಕ್ಷಕನನ್ನು ಆಟದೊಳಕ್ಕೆ ಎಳೆದುಕೊಳ್ಳುವ ನಗೆನಾಟಕಕ್ಕೆ ಅದೇಕೆ ತವರಾಯಿತು? ಅಂಥ ನಾಟಕವನ್ನು ಕಟ್ಟುವ ಬಗೆ ಹೇಗೆ? ಈ ಪ್ರಶ್ನೆಗಳನ್ನು ಎತ್ತಿಕೊಳ್ಳಲು ನನಗೊಂದು ಸ್ವಂತ ಕಾರಣವೂ ಇದೆ. ಅದನ್ನು ಕೊನೆಯಲ್ಲಿ ನಿವೇದಿಸಿಕೊಳ್ಳುತ್ತೇನೆ.

ಕರೆಯದೆ ಬಂದ ಎಂಟು ಮಂದಿ

ಎರಡನೆಯ ಮಹಾಯುದ್ಧ ಮುಗಿದು ಎರಡು ವರ್ಷಗಳಾಗಿದ್ದವು. ಯುದ್ಧದಿಂದ ಜರ್ಜರಿತವಾದ ಯೂರೋಪಿನ ಚೈತನ್ಯವನ್ನು ಕಲೆಯ ಮೂಲಕ ಮತ್ತೆ ಚಿಗುರಿಸಬೇಕೆಂಬ ಸದಾಶಯದಿಂದ 1947ರಲ್ಲಿ ಎಡಿನ್‌ಬರೋ ಅಂತರರಾಷ್ಟ್ರೀಯ ಉತ್ಸವ ಆರಂಭವಾಯಿತು. ಹೆಸರಾಂತ ವಾದ್ಯವೃಂದಗಳಿಗೂ ನಾಟಕ ಮಂಡಲಿಗಳಿಗೂ ಆಹ್ವಾನ ಹೋಯಿತು. ಆಹ್ವಾನವಿಲ್ಲದ ಎಂಟು ನಾಟಕ ತಂಡಗಳೂ ತಮ್ಮ ಗಂಟುಮೂಟೆ ಕಟ್ಟಿಕೊಂಡು ಬಂದವು! ಊರಿನ ದೊಡ್ಡ ರಂಗಮಂದಿರಗಳೆಲ್ಲ ಆಹ್ವಾನಿತರಿಗೆ ಮೀಸಲಾಗಿದ್ದುದರಿಂದ ಅವು ಸಿಕ್ಕಿದ ಸಣ್ಣಪುಟ್ಟ ಎಡೆಗಳಲ್ಲಿ ಬೀಡುಬಿಟ್ಟವು. ಒಂದು ನಾಟಕವಂತೂ ನಗರದಿಂದ ಸಾಕಷ್ಟು ದೂರದ ಡನ್‌ಫರ್ಮ್‌ಲಿನ್ ಎಂಬ ಊರಿನ ಪುರಾತನ ಮಠದ ಚರ್ಚಿನಲ್ಲಿ ನಡೆಯಿತು.

ಮರುವರ್ಷ, ನಾಟಕಕಾರನೂ ಪತ್ರಕರ್ತನೂ ಆದ ರಾಬರ್ಟ್ ಕೆಂಪ್ ಎಂಬಾತನು ಈ ಅನಾಹೂತರ ಆಟಗಳನ್ನು ಕುರಿತು ಬರೆಯುತ್ತ, ಅಧಿಕೃತ ಉತ್ಸವದ ‘ಅಂಚಿನಲ್ಲಿ’ ನಡೆಯುವಂಥವು ಎಂಬ ಅರ್ಥದಲ್ಲಿ ‘ಫ್ರಿಂಜ್’ ಎಂಬ ಪದವನ್ನು ಬಳಸಿದನು. ಅದೇ ಹೆಸರಾಗಿ ನಿಂತಿತು. ಕನ್ನಡದಲ್ಲಿ ಹೇಳುವುದಾದರೆ ಉತ್ಸವದ ಸೆರಗು. ಮುಂದೆ ಸೀರೆಗಿಂತ ಸೆರಗೇ ದೊಡ್ಡದಾಯಿತೆಂಬುದು ಚೋದ್ಯದ ಸಂಗತಿ. 1958ರಲ್ಲಿ ತಂಡಗಳೇ ಕೂಡಿ ಒಂದು ಸಂಘವನ್ನು ಸ್ಥಾಪಿಸಿದುವು. ಯಾರು ಆಡಬಹುದು, ಯಾರು ಆಡಬಾರದು ಎಂದು ಈ ಸಂಘ ತೀರ್ಪು ಕೊಡುವುದಿಲ್ಲ. ಶುಲ್ಕ ಕೊಟ್ಟು ಹೆಸರು ಬರೆಸಿ, ಆಡಲು ಒಂದು ಜಾಗವನ್ನು ಗೊತ್ತುಮಾಡಿಕೊಂಡವರೆಲ್ಲರೂ ಕಲಾವಿದರೇ. 2019ರ ಆಗಸ್ಟ್ ಮಾಸದ ಉತ್ಸವದಲ್ಲಿ 3,800ಕ್ಕೂ ಹೆಚ್ಚು ಬೇರೆ ಬೇರೆ ಪ್ರಯೋಗಗಳು ನಡೆದು, 30 ಲಕ್ಷಕ್ಕೂ ಮೀರಿ ಟಿಕೆಟುಗಳು ವಿತರಣೆಯಾದವು. ಮರುವರ್ಷ ಕೊರೋನಾ ಪಿಡುಗಿನಿಂದಾಗಿ ಉತ್ಸವ ರದ್ದಾದಾಗ ಆ ನಗರಕ್ಕೆ ಹಬ್ಬವೇ ತಪ್ಪಿದಂತಾಯಿತು.

ಐವತ್ತೈದು ನಿಮಿಷದ ಸಂಸಾರ

ಬಾಗಿಲು ಎಲ್ಲರಿಗೂ ತೆರೆದಿದೆ ಎಂದರೆ ಒಳಗೆ ಹಾಸಿಗೆ ಹಾಸಿದೆ ಎಂದರ್ಥವಲ್ಲ. ಚರ್ಚಿನ ಸಭಾಂಗಣ, ಪಾನಗೃಹದ ಹಿಂಕೋಣೆ, ವಿಶ್ವವಿದ್ಯಾಲಯದ ಪಾಠಶಾಲೆ, ನೆಲಮಾಳಿಗೆ - ಇವೇ ಇಲ್ಲಿನ ರಂಗಮಂದಿರಗಳು. ಒಂದೇ ಕೋಣೆಯಲ್ಲಿ ಬೆಳಗಿನಿಂದ ನಡುರಾತ್ರಿ ಕಳೆಯುವವರೆಗೆ ಒಂದರ ಬೆನ್ನಿಗೆ ಒಂದರಂತೆ ಏಳೆಂಟು ತಂಡಗಳು ಆಡುತ್ತವೆ. ಬಹುಮಟ್ಟಿಗೆ ಒಂದೊಂದು ಆಟಕ್ಕೂ ಒಂದು ಗಂಟೆಗೆ ಒಳಪಟ್ಟ ಅವಧಿ. ಆಟ ಮುಗಿದು ಚಪ್ಪಾಳೆ ನಿಲ್ಲುವ ಮೊದಲೇ ರಂಗಸಜ್ಜಿಕೆಯನ್ನು ಕಿತ್ತು ಹೊರಗೆ ಸಾಗಿಸಬೇಕು. ಹೊಸ್ತಿಲಲ್ಲಿ ಮುಂದಿನ ತಂಡ ತನ್ನ ಕುರ್ಚಿ, ಪೆಟ್ಟಿಗೆಗಳೊಡನೆ ಕಾದು ನಿಂತಿರುತ್ತದೆ.

ಇನ್ನು ಹಣದ ಮಾತು. ಕೋಣೆಗೆ ಬಾಡಿಗೆ ಕೊಡಬೇಕು, ಇಲ್ಲವೇ ಟಿಕೆಟಿನ ಹುಟ್ಟುವಳಿಯಲ್ಲಿ ಪಾಲು ಕೊಡಬೇಕು. ಉತ್ಸವದ ಕಾಲದಲ್ಲಿ ವಸತಿಯ ದರ ಗಗನಕ್ಕೇರುತ್ತದೆ. ಸಾಲ ಮಾಡಿ ಬಂದು, ಮೂರು ವಾರ ಆಡಿ, ಕೈ ಸುಟ್ಟುಕೊಂಡು ಹಿಂದಿರುಗಿದವರ ಸಂಖ್ಯೆಯೇ ಹೆಚ್ಚು. ಆದಕಾರಣ ನಟನು ಆಟದ ವೇಳೆಯನ್ನು ಬಿಟ್ಟು ಉಳಿದ ಹೊತ್ತಿನಲ್ಲಿ ರಾಯಲ್ ಮೈಲ್ ಎಂಬ ಹಳೆಯ ರಾಜಬೀದಿಯಲ್ಲಿ ವೇಷ ತೊಟ್ಟುಕೊಂಡೇ ಕರಪತ್ರ ಹಂಚುತ್ತಾನೆ. ಮಳೆಯಲ್ಲಿ ನೆನೆಯುತ್ತ, ಹೋಗುವ ಬರುವವರನ್ನು ಅಡ್ಡಗಟ್ಟಿ, ಅರೆನಿಮಿಷದಲ್ಲಿ ಅವರನ್ನು ನಗಿಸಬೇಕು. ನಕ್ಕವನು ಸಂಜೆಗೆ ಪ್ರೇಕ್ಷಕನಾಗಬಹುದು. ಈ ಬೀದಿಯ ಮಾತುಕತೆಯೇ ಪ್ರೇಕ್ಷಕರೊಡನೆ ಆಡುವ ನಾಟಕದ ಮೊದಲನೆಯ ಪ್ರವೇಶ ಎನ್ನಬಹುದು.

ಈ ಇಕ್ಕಟ್ಟುಗಳೇ ಒಂದು ಬಗೆಯಲ್ಲಿ ವರವಾದವು. ಭಾರಿ ಸಜ್ಜಿಕೆಯನ್ನು ನಿಲ್ಲಿಸಲು ಸಮಯವಿಲ್ಲ. ಐವತ್ತು ಅರವತ್ತು ಜನ ಹಿಡಿಸುವ ಕೋಣೆಯಲ್ಲಿ ನಟನ ಮೊಣಕಾಲಿಗೆ ಪ್ರೇಕ್ಷಕನ ಮೊಣಕಾಲು ತಾಗುತ್ತದೆ. ಅಷ್ಟು ಸಮೀಪ ಕುಳಿತವನನ್ನು ಕಾಣದಂತೆ ನಟಿಸುವುದಕ್ಕಿಂತ, ‘ಏನಪ್ಪಾ, ಕ್ಷೇಮವೇ?’ ಎಂದು ಮಾತನಾಡಿಸುವುದೇ ಸಹಜವಲ್ಲವೇ?

ಬರೆಯದ ನಾಟಕಕ್ಕೆ ಅಪ್ಪಣೆಯಿಲ್ಲ

ಆದರೆ ಬ್ರಿಟನ್ನಿನಲ್ಲಿ ಹಾಗೆ ಮಾತನಾಡಿಸುವುದೂ ಒಂದು ಕಾಲಕ್ಕೆ ಅಪರಾಧವಾಗಿತ್ತೆಂದರೆ ಓದುಗರು ಅಚ್ಚರಿಪಡಬಹುದು. 1737ರಿಂದ 1968ರವರೆಗೆ ಅಲ್ಲಿ ಸಾರ್ವಜನಿಕವಾಗಿ ಆಡುವ ಹೊಸ ನಾಟಕದ ಹಸ್ತಪ್ರತಿಯನ್ನು ಲಾರ್ಡ್ ಚೇಂಬರ್ಲಿನ್ ಎಂಬ ಅರಮನೆಯ ಅಧಿಕಾರಿಗೆ ಮುಂಗಡವಾಗಿ ಒಪ್ಪಿಸಿ ಅಪ್ಪಣೆ ಪಡೆಯಬೇಕಾಗಿತ್ತು. ಹೊಳೆದ ಮಾತನ್ನು ಹೊಳೆದಾಗಲೇ ಆಡುವ ನಾಟಕಕ್ಕೆ ಹಸ್ತಪ್ರತಿಯೆಲ್ಲಿಂದ ಬರಬೇಕು? 1958ರಲ್ಲಿ ಜೋನ್ ಲಿಟಲ್‌ವುಡ್ ಎಂಬ ಪ್ರಸಿದ್ಧ ನಿರ್ದೇಶಕಿಯ ತಂಡ, ಅಪ್ಪಣೆಯಾದ ಪ್ರತಿಯಲ್ಲಿಲ್ಲದ ಮಾತುಗಳನ್ನು ರಂಗದ ಮೇಲೆ ಆಡಿದ ಕಾರಣಕ್ಕೆ ನ್ಯಾಯಾಲಯದ ಮೆಟ್ಟಿಲೇರಿ ದಂಡ ತೆತ್ತಿತು. ಆಶುನಾಟಕದ ಆಚಾರ್ಯನೆಂದು ಮುಂದೆ ಹೆಸರಾದ ಕೀತ್ ಜಾನ್‌ಸ್ಟನ್ (1933-2023) ಈ ಕಾನೂನಿನ ಕಣ್ಣು ತಪ್ಪಿಸಲು ತನ್ನ ಪ್ರದರ್ಶನಗಳನ್ನು ‘ಪಾಠ’ವೆಂದು ಕರೆದನು. ಮೇಷ್ಟರು ಪಾಠ ಹೇಳುವುದಕ್ಕೆ ಯಾರ ಅಪ್ಪಣೆ ಬೇಕು! 1968ರ ಕಾಯಿದೆಯಿಂದ ಈ ಕಟ್ಟು ಸಡಿಲವಾಯಿತು. ನಗೆಗಾರರಿಗೆ ಬಾಯಿ ಬಂತು.

ನಮ್ಮವರಿಗೆ ಈ ಕಲೆ ಹೊಸದೇನಲ್ಲ. ಪ್ರಯೋಗದ ಸಿದ್ಧಿಯನ್ನು ಕುರಿತು ಹೇಳುವಾಗ ಭರತನು ನಾಟ್ಯಶಾಸ್ತ್ರದಲ್ಲಿ ಪ್ರೇಕ್ಷಕರ ಮುಗುಳ್ನಗೆ, ಅಟ್ಟಹಾಸ, ‘ಸಾಧು’ ಎಂಬ ಉದ್ಗಾರಗಳನ್ನೇ ಗೆಲುವಿನ ಕುರುಹುಗಳೆಂದು ಎಣಿಸಿದ್ದಾನೆ. ತಾಳಮದ್ದಳೆಯ ಅರ್ಥಧಾರಿಗಳು ಬರೆದ ಮಾತನ್ನು ಒಪ್ಪಿಸುವವರಲ್ಲ. ಮಾಸ್ಟರ್ ಹಿರಣ್ಣಯ್ಯನವರು (1934-2019) ‘ಲಂಚಾವತಾರ’ದಲ್ಲಿ ಆ ದಿನದ ಸುದ್ದಿಯನ್ನು ಆ ಸಂಜೆಯೇ ರಂಗಕ್ಕೆ ತಂದು ಸಭಿಕರೊಡನೆ ನೇರವಾಗಿ ಮಾತಿಗಿಳಿಯುತ್ತಿದ್ದುದು ಕನ್ನಡಿಗರ ನೆನಪಿನಲ್ಲಿ ಹಸಿರಾಗಿದೆ.

ಕಟ್ಟುವ ಬಗೆ

ಪ್ರೇಕ್ಷಕನನ್ನು ಒಳಗೊಳ್ಳುವ ಆಟಗಳಲ್ಲಿ ಹಲವು ಪರಿಗಳುಂಟು. 2008ರಿಂದ ಫ್ರಿಂಜ್‌ನಲ್ಲಿ ಆಡುತ್ತ ಬಂದ ‘ಷೋಸ್ಟಾಪರ್’ ತಂಡದವರು ಕಥೆ ಎಲ್ಲಿ ನಡೆಯಬೇಕು, ಹಾಡು ಯಾವ ಧಾಟಿಯಲ್ಲಿರಬೇಕು ಎಂದು ಸಭಿಕರನ್ನೇ ಕೇಳಿ, ಅಲ್ಲಿಯೇ ಒಂದು ಸಂಗೀತನಾಟಕವನ್ನು ಹೆಣೆಯುತ್ತಾರೆ. 2016ರಲ್ಲಿ ಇವರಿಗೆ ಲಂಡನ್ನಿನ ಪ್ರತಿಷ್ಠಿತ ಆಲಿವಿಯರ್ ಪ್ರಶಸ್ತಿಯೂ ಲಭಿಸಿತು. ‘ಆಸ್ಟೆಂಟೇಷಸ್’ ಎಂಬ ಇನ್ನೊಂದು ತಂಡ, ಕಾದಂಬರಿಗಾರ್ತಿ ಜೇನ್ ಆಸ್ಟೆನ್ ಬರೆಯದೆ ಹೋದ ಕೃತಿಗೆ ಒಂದು ಹೆಸರು ಸೂಚಿಸಿರೆಂದು ಪ್ರೇಕ್ಷಕರನ್ನು ಕೇಳಿ, ಆ ಹೆಸರಿಗೆ ತಕ್ಕ ಕಥೆಯನ್ನು ಅಭಿನಯಿಸುತ್ತದೆ. ಇಲ್ಲಿ ಪ್ರೇಕ್ಷಕನು ಕೊಡುವುದು ಒಂದು ಮಾತನ್ನು ಮಾತ್ರ. ಭೋಜನ-ನಾಟಕದಲ್ಲಿ ಅವನು ಕೂತಲ್ಲಿಯೇ ಪಾತ್ರ. ಎಲ್ಲಕ್ಕಿಂತ ಅಪಾಯದ ಮೂರನೆಯ ಪರಿಯೆಂದರೆ ಅವನನ್ನು ಕೈಹಿಡಿದು ರಂಗಕ್ಕೆ ಕರೆತರುವುದು.

ಮೂರಕ್ಕೂ ಮೂಲಸೂತ್ರ ಒಂದೇ: ಎದುರಿನವನು ಆಡಿದ ಮಾತನ್ನು ಅಲ್ಲಗಳೆಯದೆ ಒಪ್ಪಿ, ಅದಕ್ಕೆ ತನ್ನದೊಂದನ್ನು ಸೇರಿಸುವುದು. ‘ಇದು ಅರಮನೆ’ ಎಂದು ಒಬ್ಬನೆಂದರೆ, ‘ಅಲ್ಲ, ಬಸ್ ನಿಲ್ದಾಣ’ ಎನ್ನುವವನು ಕಥೆಯ ಕತ್ತು ಹಿಸುಕಿದಂತೆ. ‘ಹೌದು ಪ್ರಭು, ಮಾಡು ಸೋರುತ್ತಿದೆ’ ಎಂದವನು ಅದನ್ನು ಬೆಳೆಸಿದಂತೆ.

ಬಿಡುಬೀಸಾಗಿ ಕಾಣುವ ಈ ಆಟಕ್ಕೆ ಒಳಗೆ ಗಟ್ಟಿಯಾದ ಅಸ್ಥಿಪಂಜರವಿರಬೇಕು. ಆರಂಭ, ಮುಕ್ತಾಯ, ನಡುವೆ ತಪ್ಪದೆ ಮುಟ್ಟಬೇಕಾದ ಮೂರು ನಾಲ್ಕು ತಾಣಗಳು ನಿಶ್ಚಿತವಾಗಿರಬೇಕು. ತಾಣದಿಂದ ತಾಣಕ್ಕೆ ಹೋಗುವ ದಾರಿ ಮಾತ್ರ ಅಂದಂದಿನ ಪ್ರೇಕ್ಷಕರದು. ಪ್ರೇಕ್ಷಕನೊಬ್ಬ ಮಾತಿನ ಮಲ್ಲನಾಗಿ ಹತ್ತು ನಿಮಿಷ ನುಂಗಿದರೆ ಯಾವ ದೃಶ್ಯವನ್ನು ಕೈಬಿಡಬೇಕು, ಸಭೆ ಮೌನವಾಗಿದ್ದರೆ ಯಾವುದನ್ನು ಸೇರಿಸಬೇಕೆಂಬುದು ಮೊದಲೇ ಗೊತ್ತಿರಬೇಕು. ದೀಪದವನು ಮಾಡುವ ಸನ್ನೆ ನಟನಿಗೆ ತಿಳಿಯಬೇಕು. ಮುಂದಿನ ತಂಡ ಹೊಸ್ತಿಲಲ್ಲಿದೆಯಲ್ಲವೇ? ಕೇಳುವ ಪ್ರಶ್ನೆಯೂ ಸುಲಭವಾಗಿರಬೇಕು. ‘ಏನಾದರೂ ತಮಾಷೆಯಾಗಿ ಹೇಳಿ’ ಎಂದರೆ ಎಂಥ ವಾಚಾಳಿಯೂ ಮೂಕನಾಗುತ್ತಾನೆ. ‘ಬೆಳಗ್ಗೆ ಏನು ತಿಂಡಿ ತಿಂದಿರಿ?’ ಎಂದರೆ ಮಗುವೂ ಉತ್ತರಿಸುತ್ತದೆ. ಆ ಉಪ್ಪಿಟ್ಟಿನಿಂದ ಕಥೆ ಬೆಳೆಸುವ ಹೊಣೆ ನಟನದು.

ಎಲ್ಲಕ್ಕೂ ಮಿಗಿಲಾದುದು ಆಯ್ಕೆ. ಕಣ್ಣು ತಪ್ಪಿಸುವವನು, ಎದೆಗೆ ಕೈಕಟ್ಟಿ ಕುರ್ಚಿಯಲ್ಲಿ ಹಿಂದಕ್ಕೆ ಸರಿಯುವವನು ಬಾಯಿಬಿಡದೆಯೇ ‘ಬೇಡ’ ಎಂದಿದ್ದಾನೆ. ಅವನನ್ನು ಬಿಟ್ಟುಬಿಡಬೇಕು. ರಂಗಕ್ಕೆ ಬಂದವನನ್ನು ನಾಯಕನನ್ನಾಗಿ ಮಾಡಿ, ಪೆದ್ದುತನವನ್ನೆಲ್ಲ ನಟನು ತನ್ನ ತಲೆಗೆ ಕಟ್ಟಿಕೊಂಡು, ಕೊನೆಗೆ ಚಪ್ಪಾಳೆಯೊಡನೆ ಅತಿಥಿಯನ್ನು ಅವನ ಆಸನಕ್ಕೆ ಮರಳಿಸಬೇಕು. ಟಿಕೆಟ್ ಕೊಂಡವನು ನಗಲು ಬಂದಿದ್ದಾನೆ, ನಗೆಗೀಡಾಗಲು ಅಲ್ಲ.

ಒಂದು ತಪ್ಪೊಪ್ಪಿಗೆ

ಇದನ್ನು ನಾನು ಪುಸ್ತಕದಿಂದ ಕಲಿಯಲಿಲ್ಲ. ಕೆಲವು ವರ್ಷಗಳ ಹಿಂದೆ ನಾನಿದ್ದ ಕಾಲೇಜಿನ ವಾರ್ಷಿಕೋತ್ಸವಕ್ಕೆ ಇಂಥದೇ ಒಂದು ಪ್ರಹಸನವನ್ನು ಸಿದ್ಧಪಡಿಸಿದೆ. ಸಭಾಂಗಣವೇ ಮದುವೆಯ ಛತ್ರ. ಎಡಕ್ಕೆ ಕುಳಿತವರು ಹೆಣ್ಣಿನ ಕಡೆ, ಬಲಕ್ಕೆ ಕುಳಿತವರು ಗಂಡಿನ ಕಡೆ. ಪುರೋಹಿತ, ಅಡಿಗೆಯವ, ಸಿಡುಕಿನ ಬೀಗರು ಎಲ್ಲರೂ ನಮ್ಮ ಹುಡುಗರು. ಮೊದಲ ಅರ್ಧಗಂಟೆ ಸಭೆ ನಕ್ಕು ನಕ್ಕು ಸುಸ್ತಾಯಿತು. ಆ ಉಬ್ಬಿನಲ್ಲಿ, ವರನ ಸೋದರಮಾವನಾಗಿದ್ದ ಹುಡುಗ ಸಭೆಗಿಳಿದು, ಮೂರನೆಯ ಸಾಲಿನಲ್ಲಿದ್ದ ವೃದ್ಧರೊಬ್ಬರನ್ನು ಕೈಹಿಡಿದು ವೇದಿಕೆಗೆ ಕರೆತಂದ. ಅವರು ನಮ್ಮ ಕಾಲೇಜಿನಲ್ಲಿಯೇ ಜವಾನರಾಗಿದ್ದು ನಿವೃತ್ತರಾದವರು. ‘ತಾತ, ಲಗ್ನಪತ್ರಿಕೆಯನ್ನು ಗಟ್ಟಿಯಾಗಿ ಓದಿ’ ಎಂದು ಹುಡುಗ ಕಾಗದವನ್ನು ಅವರ ಕೈಗಿತ್ತ.

ಅವರು ಕಾಗದವನ್ನೇ ನೋಡುತ್ತ ನಿಂತರು. ಹುಡುಗ ‘ಅಕ್ಷರ ಮಸುಕೋ, ತಾತ ಮಸುಕೋ?’ ಎಂದ. ಸಭೆ ಗೊಳ್ಳೆಂದಿತು. ಅವರಿಗೆ ಓದು ಬಾರದೆಂಬುದು ಹುಡುಗನಿಗೆ ತಿಳಿದಿರಲಿಲ್ಲ. ತೆರೆಯ ಪಕ್ಕದಲ್ಲಿ ನಿಂತಿದ್ದ ನನಗೆ ತಿಳಿದಿತ್ತು. ಆದರೂ ಓಡುತ್ತಿದ್ದ ಆಟವನ್ನು ನಿಲ್ಲಿಸುವ ಧೈರ್ಯ ನನಗಾಗಲಿಲ್ಲ. ನಗೆ ನಿಂತ ಮೇಲೆ ಅವರು ಕಾಗದವನ್ನು ನಾಲ್ಕಾಗಿ ಮಡಿಸಿ ಹುಡುಗನ ಜೇಬಿಗೆ ಸೇರಿಸಿ, ತಾವೇ ಮೆಟ್ಟಿಲಿಳಿದು ಹೋದರು.

ಮರುದಿನ ಅವರ ಮನೆಗೆ ಹೋಗಿ ಕ್ಷಮೆ ಕೇಳಿದೆ. ಕಾಫಿ ಕೊಡಿಸಿದರು. ‘ಬುಡಿ ಮೇಷ್ಟ್ರೇ, ಮಕ್ಕಳು ನಗ್ತವೆ. ನಂಗೇನೂ ಇಲ್ಲ. ಮೊಮ್ಮಗಳೂ ಅಲ್ಲೇ ಕುಂತಿದ್ಲಲ್ಲ, ಅದೊಂದು’ ಎಂದರು. ಆ ಹುಡುಗಿ ನನ್ನ ಕನ್ನಡ ತರಗತಿಯಲ್ಲಿಯೇ ಇದ್ದಳು. ಆ ವಾರವೆಲ್ಲ ಅವಳು ತರಗತಿಗೆ ಬರಲಿಲ್ಲ.

ಮರುವರ್ಷ ಅದೇ ಪ್ರಹಸನವನ್ನು ಮತ್ತೆ ಆಡಿದೆವು. ಈ ಸಲ ಬಾಗಿಲಲ್ಲಿ ಒಂದು ಬುಟ್ಟಿ ಗುಲಾಬಿಯನ್ನಿಟ್ಟು, ಆಟದಲ್ಲಿ ಸೇರಲು ಇಷ್ಟವಿದ್ದವರು ಹೂ ತೆಗೆದುಕೊಳ್ಳಲಿ, ಇಲ್ಲದವರು ಸುಮ್ಮನೆ ಒಳಗೆ ಬರಲಿ ಎಂದು ಹೇಳಿಸಿದೆ. ಹೂವಿಲ್ಲದವರನ್ನು ಮಾತನಾಡಿಸಕೂಡದೆಂದು ಹುಡುಗರಿಗೆ ಕಟ್ಟಪ್ಪಣೆ. ಹೂಗಳು ಹತ್ತೇ ನಿಮಿಷದಲ್ಲಿ ಖಾಲಿಯಾದವು. ಬರುವವರೇ ಬಂದುದರಿಂದ ನಗೆ ಮೊದಲಿಗಿಂತ ಇಮ್ಮಡಿಯಾಯಿತು.

ಆ ವೃದ್ಧರೂ ಮೊಮ್ಮಗಳೊಡನೆ ಬಂದಿದ್ದರು. ಬುಟ್ಟಿಯ ಮುಂದೆ ಒಂದು ಕ್ಷಣ ನಿಂತು, ಹೂ ಮುಟ್ಟದೆ ಒಳಗೆ ಹೋಗಿ ಕೊನೆಯ ಸಾಲಿನಲ್ಲಿ ಕುಳಿತರು. ಅಡಿಗೆಯವನಿಗೂ ಬೀಗರಿಗೂ ಜಗಳ ಹತ್ತಿದಾಗ ಇಡೀ ಸಭೆಯೊಡನೆ ಅವರೂ ಬಾಯ್ತುಂಬ ನಗುತ್ತಿದ್ದುದನ್ನು ತೆರೆಯ ಪಕ್ಕದಿಂದ ಕಂಡೆ.